ಸ್ಟೇಟ್‌ಮೆಂಟಿನಲ್ಲಿ ಕಾಣಬೇಕಾದ ಹೆಸರು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪನ ಕಡೆಯಲ್ಲಿ ಯಾರೂ ಇಲ್ಲ, ಅವ್ವನ ಕಡೆಯಲ್ಲೂ ಯಾರೂ ಇಲ್ಲ. ಬಿ.ಕಾಂ., ಅದೂ ಫಸ್ಟ್ ಕ್ಲಾಸು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಯಾರೂ ಕೈ ಹಿಡಿದು ಕೊಡಿಸಿದ್ದಲ್ಲ. ಆದರೆ ಆ ಡಿಗ್ರಿಯ ಹಿಂದೆಯೇ ಒಂದು ಮಾತು ಬಾಲದಂತೆ ಅಂಟಿಕೊಂಡು ಬಂತು. "ಓದಿದವಳು ನೀನು, ನೀನೇ ನೋಡು." ಕರೆಂಟ್ ಬಿಲ್ಲು ಜಾಸ್ತಿ ಬಂದರೆ ನಾನೇ ನೋಡಬೇಕು. ಗ್ಯಾಸ್ ಏಜೆನ್ಸಿಯವನು ಪುಸ್ತಕ ವಾಪಸ್ಸು ಕೊಡದಿದ್ದರೆ ನಾನೇ ನೋಡಬೇಕು. ಕಲ್ಕತ್ತೆಯ ಟಾಲಿಗಂಜಿನ ನಮ್ಮ ಓಣಿಯಲ್ಲಿ ಯಾರಿಗೆ ಸರ್ಕಾರಿ ಕಾಗದ ಬಂದರೂ ಅದು ಮೊದಲು ನಮ್ಮ ಬಾಗಿಲಿಗೇ ಬರುತ್ತಿತ್ತು.

ಅದೇ ಮಾತನ್ನು ಒಂದು ದಿನ ನಾನು ಕೆಲಸಕ್ಕಿದ್ದ ಆಫೀಸಿನ ಯಜಮಾನರೂ ಹೇಳಿದರು. ಅವರು ಹೇಳಿದ್ದು ಬಂಗಾಳಿಯಲ್ಲಿ. ಉರಿ ಮಾತ್ರ ಅದೇ.

ಆಫೀಸು ಎಂದರೆ ಸಾಲ್ಟ್ ಲೇಕಿನ ಒಂದು ಮನೆಯ ಎರಡನೇ ಮಹಡಿ, ಮೂರು ಕೋಣೆ. ಆಗ ಅಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಎಲ್ಲರ ಬಾಯಲ್ಲೂ ಐಟಿ. ನಮ್ಮ ಯಜಮಾನರೂ ಐಟಿಗೆ ಇಳಿದಿದ್ದರು. ಅವರ ಐಟಿ ಎಂದರೆ, ಅಮೆರಿಕದಲ್ಲಿ ಹುಟ್ಟಿ ಬೆಳೆಯುತ್ತಿರುವ ಬಂಗಾಳಿ ಮಕ್ಕಳಿಗೆ ಇಂಟರ್‌ನೆಟ್ಟಿನಲ್ಲಿ ಬಂಗಾಳಿ ಕಲಿಸುವುದು. ಬೆಳಿಗ್ಗೆ ಆರು ಗಂಟೆಗೆ, ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಇರುವಾಗ, ಏಳು ಜನ ನಿವೃತ್ತ ಶಾಲಾ ಶಿಕ್ಷಕಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಶಿಕ್ಷಕಿಯರನ್ನು ಅಲ್ಲಿ ದಿದಿಮಣಿ ಎನ್ನುತ್ತಾರೆ. ಏಳು ಜನರಿಗೂ ಅದೇ ಹೆಸರು. ಆದರೆ ನಾನು ದಿದಿಮಣಿ ಎಂದರೆ ಅದು ಲೇಕ್ ಗಾರ್ಡನ್ಸಿನಿಂದ ಬರುತ್ತಿದ್ದ ಹಿರಿಯರೊಬ್ಬರೇ ಎಂದು ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಬಟ್ಟೆಚೀಲ, ಎರಡೂ ಮೊಣಕಾಲಿನಲ್ಲಿ ನೋವು. ಶಾಲೆಯಿಂದ ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಅವರ ಪಿಂಚಣಿ ಶುರುವಾಗಿರಲಿಲ್ಲ. "ಆ ಫೈಲಿಗೆ ನನಗಿಂತ ವಯಸ್ಸಾಗಿದೆ ಮಾ, ಮೆಟ್ಟಿಲು ಹತ್ತಲಾರದು" ಎನ್ನುತ್ತಿದ್ದರು. ಅವರ ಮನೆಯ ಬಾಡಿಗೆ, ಮೊಣಕಾಲಿನ ಔಷಧಿ, ಎಲ್ಲವೂ ನಡೆಯುತ್ತಿದ್ದದ್ದು ಕಂಪ್ಯೂಟರಿನ ಆ ಕಡೆ ಕೂತಿದ್ದ ಹನ್ನೊಂದು ಮಕ್ಕಳಿಂದ.

ತೊಂದರೆ ಇದ್ದದ್ದು ಫೀಸಿನಲ್ಲಿ. ಅಪ್ಪ ಅಮ್ಮಂದಿರು ಕೊಡದವರಲ್ಲ, ಮರೆಯುವವರು. ತಿಂಗಳ ಮೊದಲಲ್ಲಿ ನಾನು ಎಲ್ಲರಿಗೂ ಇಮೇಲ್ ಕಳಿಸುತ್ತಿದ್ದೆ. ಕೆಲವರು ಡಾಲರ್ ಚೆಕ್ಕನ್ನು ಅಂಚೆಗೆ ಹಾಕುತ್ತಿದ್ದರು. ಅದು ಬಂದು, ಬ್ಯಾಂಕಿಗೆ ಹೋಗಿ, ಹಣವಾಗುವಷ್ಟರಲ್ಲಿ ಒಂದೂವರೆ ತಿಂಗಳು. ಕೆಲವರು ಡಿಸೆಂಬರಿನಲ್ಲಿ ಊರಿಗೆ ಬಂದಾಗ ಒಟ್ಟಿಗೆ ಕೊಡುತ್ತೇವೆ ಎನ್ನುತ್ತಿದ್ದರು. ಎರಡನೇ ಸಲ ನೆನಪಿಸಿದರೆ ಅವರಿಗೆ ಅವಮಾನ, ಮೂರನೇ ಸಲ ನೆನಪಿಸಿದರೆ ಮಗುವಿಗೆ ಇದ್ದಕ್ಕಿದ್ದಂತೆ ಈಜು ತರಗತಿ ಶುರುವಾಗುತ್ತಿತ್ತು. ಹಾಗೆ ಮಕ್ಕಳು ಉದುರುತ್ತಿದ್ದರು.

ಏಪ್ರಿಲಿನಲ್ಲಿ, ಬಂಗಾಳಿ ಹೊಸ ವರ್ಷದ ಸಿಹಿ ಹಂಚಿದ ಮರುದಿನ, ಯಜಮಾನರು ನನ್ನನ್ನು ಕೂರಿಸಿಕೊಂಡು ಹೇಳಿದರು. ಕಾರ್ಡಿನ ನಂಬರನ್ನು ಒಂದು ಸಲ ಕೊಟ್ಟರೆ ತಿಂಗಳು ತಿಂಗಳೂ ಹಣ ತಾನಾಗಿಯೇ ಬರುವ ವ್ಯವಸ್ಥೆಗಳು ಇವೆಯಂತೆ. ಯಾವುದು ಒಳ್ಳೆಯದೋ ನೋಡಿ ಆರಿಸು. ದುರ್ಗಾಪೂಜೆಯ ಹೊತ್ತಿಗೆ ಅದು ನಡೆಯುತ್ತಿರಬೇಕು. ಇಲ್ಲದಿದ್ದರೆ ಪೂಜೆಯ ರಜೆ ಮುಗಿದ ಮೇಲೆ ಈ ಬಾಗಿಲು ತೆರೆಯುವುದಿಲ್ಲ.

ನಾನು, ದಾದಾ, ನನಗೆ ಕಂಪ್ಯೂಟರಿನ ವಿಷಯ ಅಷ್ಟು ತಿಳಿಯದು, ನಾನು ಕಾಮರ್ಸಿನವಳು ಎಂದೆ.

"ಓದಿದವಳು ನೀನಲ್ಲವಾ?" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಅಡ್ಡಗೆರೆಯ ದಪ್ಪ ನೋಟ್‌ಬುಕ್ಕೊಂದನ್ನು ತಂದು ಖಾನೆ ಹಾಕಿದೆ. ಸಂಸ್ಥೆ, ಶುರುವಿನ ಖರ್ಚು, ಪ್ರತಿ ವ್ಯವಹಾರಕ್ಕೆ ಎಷ್ಟು, ತಿಂಗಳ ಬಾಡಿಗೆ, ಹಣ ಕೈಗೆ ಬರಲು ಎಷ್ಟು ದಿನ, ತಿಂಗಳು ತಿಂಗಳೂ ತಾನಾಗಿ ನಡೆಯುತ್ತದೋ ಇಲ್ಲವೋ. ಆ ಕೊನೆಯ ಖಾನೆಯೇ ನನ್ನ ಪ್ರಾಣ ತಿಂದದ್ದು.

ಮೊದಲು ನಮ್ಮದೇ ಊರಿನ ಬ್ಯಾಂಕಿಗೆ ಹೋದೆ. ಅಲ್ಲಿಯ ಅಧಿಕಾರಿ ಮೂರು ವರ್ಷದ ಬ್ಯಾಲೆನ್ಸ್ ಶೀಟು ಕೇಳಿದರು, ಭದ್ರತಾ ಠೇವಣಿ ಕೇಳಿದರು, ಸರ್ವರ್ ಎಲ್ಲಿದೆ ಎಂದು ಕೇಳಿದರು. ಎಲ್ಲಕ್ಕೂ ಉತ್ತರ ಬರೆದುಕೊಂಡು ಎರಡನೇ ಸಲ ಹೋದೆ. ಮೂರನೇ ಸಲಕ್ಕೆ, ಇದು ಪ್ರತಿ ತಿಂಗಳೂ ತಾನಾಗಿ ನಡೆಯುತ್ತದಲ್ಲವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹಾಗೆ ಹೇಗೆ ನಡೆಯುತ್ತದೆ, ಪ್ರತಿ ಸಲವೂ ಗ್ರಾಹಕ ಬಂದು ತಾನೇ ನಂಬರ್ ಹಾಕಬೇಕು ಎಂದರು. ಇದನ್ನು ಮೊದಲ ದಿನವೇ ಹೇಳಿದ್ದರೆ ನನ್ನ ಎರಡು ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ಆಮೇಲೆ ಹೊರದೇಶದ ಸಂಸ್ಥೆಗಳು. ಒಂದಕ್ಕೆ ಅಮೆರಿಕದಲ್ಲೇ ಬ್ಯಾಂಕ್ ಖಾತೆ ಬೇಕು. ಇನ್ನೊಂದಕ್ಕೆ ಬೇಡ, ಅದರ ಫಾರಮ್ಮನ್ನು ಒಂದು ಮಧ್ಯಾಹ್ನವಿಡೀ ಕೂತು ತುಂಬಿ ಕೊನೆಯ ಪುಟಕ್ಕೆ ಬಂದರೆ ದೇಶದ ಪಟ್ಟಿ. ಐಸ್‌ಲ್ಯಾಂಡ್ ಇತ್ತು, ಅದರ ಕೆಳಗೆ ಇಂಡೋನೇಷ್ಯಾ ಇತ್ತು. ನಡುವೆ ಇರಬೇಕಾದ ನಾವು ಇರಲಿಲ್ಲ. ನಾನು ಆ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಮೂರು ಸಲ ಎಳೆದಾಡಿದೆ. ಕಾಲೇಜಿನ ಅಡ್ಮಿಶನ್ ಪಟ್ಟಿಯಲ್ಲಿ ಹೆಸರು ಹುಡುಕಿದಂತೆ.

ಕೊನೆಗೆ ಉಳಿದದ್ದು ಒಂದು ಮಧ್ಯವರ್ತಿ ಸಂಸ್ಥೆ. ನಮ್ಮ ಪರವಾಗಿ ಅವರೇ ಕಾರ್ಡಿನಿಂದ ಹಣ ಎಳೆದು, ತಮ್ಮ ಪಾಲು ಕತ್ತರಿಸಿ, ಉಳಿದದ್ದನ್ನು ಇಲ್ಲಿಗೆ ಕಳಿಸುತ್ತಾರೆ. ಪಾಲು ದೊಡ್ಡದು. ಅದರ ಮೇಲೆ, ಬಂದ ಹಣದಲ್ಲಿ ಹತ್ತನೇ ಒಂದು ಭಾಗವನ್ನು ಆರು ತಿಂಗಳು ತಮ್ಮ ಬಳಿಯೇ ಹಿಡಿದಿಟ್ಟುಕೊಳ್ಳುತ್ತಾರೆ, ನಮ್ಮಿಂದ ಏನಾದರೂ ಎಡವಟ್ಟಾದರೆ ಎಂದು. ಆದರೆ ಅವರ ಪಟ್ಟಿಯಲ್ಲಿ ನಮ್ಮ ದೇಶವಿತ್ತು, ನನ್ನ ಕೊನೆಯ ಖಾನೆಗೆ ಹೌದು ಎಂಬ ಉತ್ತರವಿತ್ತು. ಸಹಾಯಕ್ಕೆಂದು ಫೋನ್ ನಂಬರೂ ಇತ್ತು, ಅಮೆರಿಕದ್ದು. ಮಾಡಿದೆ. ಇಂಗ್ಲಿಷ್ ಹೆಸರು ಹೇಳಿಕೊಂಡ ಒಬ್ಬ ಹುಡುಗ ಅಮೆರಿಕದವರಂತೆ ಮೂಗಿನಲ್ಲಿ ಮಾತನಾಡುತ್ತಿದ್ದ. ನಾನು ಏನು ಕೇಳಿದರೂ ಅವರ ವೆಬ್‌ಸೈಟಿನಲ್ಲಿ ನಾನು ಆಗಲೇ ಓದಿದ್ದ ಸಾಲನ್ನೇ ಓದುತ್ತಿದ್ದ. ಅಷ್ಟರಲ್ಲಿ ಫೋನಿನೊಳಗೆ ದೂರದಲ್ಲಿ ಮೈಕಿನ ಘೋಷಣೆ ಕೇಳಿಸಿತು, ಯಾವುದೋ ಮೆರವಣಿಗೆ. ಹತ್ತು ನಿಮಿಷ ಕಳೆದು, ಇನ್ನೂ ನಾವು ಮಾತನಾಡುತ್ತಿರುವಾಗಲೇ, ಅದೇ ಮೈಕು, ಅದೇ ಘೋಷಣೆ ನಮ್ಮ ಕಿಟಕಿಯ ಕೆಳಗೆ ಬಂತು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ನಾನು ಬಂಗಾಳಿಯಲ್ಲಿ, ನೀನು ಇಲ್ಲೇ ಸೆಕ್ಟರ್ ಫೈವಿನ ಕಾಲ್ ಸೆಂಟರಿನಲ್ಲಿ ಇದ್ದೀಯಲ್ಲವಾ ಎಂದು ಕೇಳಿದೆ.

"ಮಾತು ರೆಕಾರ್ಡ್ ಆಗ್ತಿದೆ ದೀದಿ," ಎಂದು ಪಿಸುಗುಟ್ಟಿದ. ಮತ್ತೆ ಮೂಗಿಗೆ ಹೋಗಿ, ಇನ್ನೇನಾದರೂ ಸಹಾಯ ಬೇಕೇ ಮ್ಯಾಮ್ ಎಂದ.

ಅವರನ್ನೇ ಆರಿಸಿದೆ. ಬೇರೆ ದಾರಿಯಿರಲಿಲ್ಲ ಎಂದರೆ ಅದು ಆರಿಸುವುದು ಹೇಗಾಗುತ್ತದೆ ಎಂದು ಯಜಮಾನರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಖಾತೆಯ ವಿಷಯ. ಇಂಟರ್‌ನೆಟ್ಟಿನ ಬಂಗಾಳಿ ತರಗತಿಗೆ ಒಂದು ಚೆಂದದ ಹೆಸರಿತ್ತು, ಮಕ್ಕಳಿಗೆ ಬಾಯಿಗೆ ಬರುವಂಥದ್ದು. ಆದರೆ ಆ ಹೆಸರಿನಲ್ಲಿ ಯಾವ ಕಾಗದವೂ ಇರಲಿಲ್ಲ. ಯಜಮಾನರ ತಾತನವರದು ಬಡಾಬಜಾರಿನಲ್ಲಿ ಗೋಣಿಚೀಲದ ವ್ಯಾಪಾರ. ವ್ಯಾಪಾರ ಎಂದೋ ನಿಂತಿತ್ತು. ಅದರ ಲೈಸೆನ್ಸು, ಚಾಲ್ತಿ ಖಾತೆ ಮಾತ್ರ ವರ್ಷ ವರ್ಷ ಜೀವಂತವಾಗಿದ್ದವು. ಹಳೆಯ ಖಾತೆ ಇರುವಾಗ ಹೊಸದಕ್ಕೆ ಯಾರು ಅಲೆಯುತ್ತಾರೆ ಎಂಬುದು ಅವರ ಲೆಕ್ಕ. ಹೀಗಾಗಿ ಅ ಆ ಕಲಿಸಿದ ಹಣವೆಲ್ಲ ಹೋಗಿ ಸೇರುತ್ತಿದ್ದದ್ದು ಗೋಣಿಚೀಲದ ವ್ಯಾಪಾರಿಗಳ ಖಾತೆಗೆ. ಒಮ್ಮೆ ಡಾಲರ್ ಚೆಕ್ಕು ಹಾಕಲು ಹೋದಾಗ ಕೌಂಟರಿನವರು, ಎಷ್ಟು ಚೀಲ ರಫ್ತು ಮಾಡಿದಿರಿ, ಹಡಗಿನ ಕಾಗದ ಎಲ್ಲಿ ಎಂದು ಕೇಳಿದ್ದರು. ನಾನು ನಕ್ಕಿದ್ದೆ. ನಗಬಾರದಿತ್ತು, ಅದೇ ಪ್ರಶ್ನೆ ಬೇರೆ ಬಾಯಿಂದ ಬರಲಿದೆ ಎಂದು ಆಗಲೇ ಗೊತ್ತಾಗಬೇಕಿತ್ತು.

ಮಧ್ಯವರ್ತಿಯ ಕರಾರು ನಲವತ್ತು ಪುಟ. ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಎಲ್ಲವನ್ನೂ ಓದಿದೆ. ಓದದೆ ಸಹಿ ಹಾಕುವುದು ನಮ್ಮಪ್ಪನ ಕಾಲಕ್ಕೇ ಮುಗಿಯಿತು ಎಂಬ ಹಟ ನನ್ನದು. ಮೂವತ್ತೊಂದನೇ ಪುಟದ ಜೊತೆಗಿದ್ದ ಫಾರಮ್ಮಿನಲ್ಲಿ ಒಂದು ಉದ್ದನೆಯ ಖಾನೆ: ಗ್ರಾಹಕರ ಸ್ಟೇಟ್‌ಮೆಂಟಿನಲ್ಲಿ ಕಾಣಬೇಕಾದ ಹೆಸರು. ಇಪ್ಪತ್ತೆರಡು ಅಕ್ಷರ ಮೀರಬಾರದು. ತಿಂಗಳ ಕೊನೆಗೆ ಅವರ ಕಾರ್ಡಿನ ಬಿಲ್ಲಿನಲ್ಲಿ, ಹಣ ಯಾರಿಗೆ ಹೋಯಿತು ಎಂದು ಅಚ್ಚಾಗುವುದು ಅದೇ.

ಅಲ್ಲಿ ನನ್ನ ಪೆನ್ನು ನಿಂತಿತು. ತರಗತಿಯ ಹೆಸರೋ, ಕಾಗದದ ಹೆಸರೋ?

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಮಂಡ್ಯದ ಕಡೆಯವರು. ಕಲ್ಕತ್ತೆಗೆ ವರ್ಗವಾದ ನಮ್ಮ ಕಡೆಯ ಅಧಿಕಾರಿಯೊಬ್ಬರ ಮನೆಯಲ್ಲಿ ಅಡುಗೆಗೆಂದು ಬಂದವರು. ಆ ಪುಣ್ಯಾತ್ಮರೇ ಆಮೇಲೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜವಾನನ ಕೆಲಸ ಕೊಡಿಸಿದರು. ಊರಿನವರು ಅಪ್ಪನನ್ನು ಕರೆಯುತ್ತಿದ್ದ ಹೆಸರು ಒಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದೇವರ ಹೆಸರು ಇನ್ನೊಂದು. ಕೆಲಸಕ್ಕೆ ಸೇರಿದಾಗ ಕೆಲವು ಕಾಗದದಲ್ಲಿ ಒಂದು, ಕೆಲವು ಕಾಗದದಲ್ಲಿ ಇನ್ನೊಂದು ಹೆಸರು ಬರೆಸಿದ್ದರು. ನನ್ನ ಕಾಲೇಜು ಫೀಸಿಗೆಂದು ಭವಿಷ್ಯನಿಧಿಯಿಂದ ಹಣ ತೆಗೆಯಲು ಹೋದಾಗ ಅರ್ಜಿ ಮೂರು ಸಲ ವಾಪಸ್ಸು ಬಂತು. ಇವರಿಬ್ಬರೂ ಒಬ್ಬರೇ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರಂತೆ. ಅಪ್ಪ ಅಲ್ಲೇ ನಿಂತಿದ್ದರು, ಅದು ಸಾಕ್ಷಿಯಾಗಲಿಲ್ಲ. ಕೋರ್ಟಿಗೆ ಅಲೆದು ಅಫಿಡವಿಟ್ ಮಾಡಿಸಿ ತರುವಷ್ಟರಲ್ಲಿ ನನ್ನ ಸೀಟು ಕೈತಪ್ಪುವುದರಲ್ಲಿತ್ತು. ಕೊನೆಯ ದಿನ, ಕೌಂಟರ್ ಮುಚ್ಚುವ ಮುಂಚೆ ಫೀಸು ಕಟ್ಟಿದೆವು. ಹೊರಗೆ ಬಂದು ಅಪ್ಪ ಹೇಳಿದ ಮಾತು ಇದು:

"ಕಾಗ್ದದಲ್ಲಿ ಏನದೆಯೋ ಅದ್ನೇ ಬರಿ ಕಣವ್ವ. ಬಾಯಲ್ಲಿ ಕರಿಯೋ ಹೆಸ್ರು ಬಾಯಲ್ಲೇ ಇರ್ಲಿ."

ಅಂದಿನಿಂದ ನಾನು ಯಾವ ಫಾರಮ್ಮಿನಲ್ಲೂ ಮಾರ್ಕ್ಸ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಳ್ಳದೆ ನನ್ನ ಹೆಸರನ್ನೂ ಬರೆದವಳಲ್ಲ. ಆ ಖಾನೆಯಲ್ಲಿ ಕಾಗದದ ಹೆಸರನ್ನೇ ಬರೆದೆ. ಬ್ಯಾಂಕ್ ಖಾತೆಯ ಹೆಸರಿಗೂ ಇದಕ್ಕೂ ತಾಳೆಯಾಗದಿದ್ದರೆ ಹಣ ನಿಲ್ಲಿಸಿಬಿಟ್ಟಾರು ಎಂಬ ಹೆದರಿಕೆ. ತಾತನ ಹೆಸರು, ಅಂಡ್ ಸನ್ಸ್, ಗೋಣಿಚೀಲ, ಕಲ್ಕತ್ತಾ, ಎಲ್ಲವೂ ಇಪ್ಪತ್ತೆರಡು ಅಕ್ಷರದಲ್ಲಿ ಹಿಡಿಯುವಂತೆ ಒತ್ತಿ ಒತ್ತಿ ಬರೆದೆ. ಹಿಡಿಸಿದ್ದಕ್ಕೆ ಹೆಮ್ಮೆಯೂ ಆಯಿತು.

ಎಲ್ಲರನ್ನೂ ಒಟ್ಟಿಗೆ ಸೇರಿಸುವುದು ಬೇಡ, ಮೊದಲು ಒಂದು ತಂಡದಲ್ಲಿ ನೋಡೋಣ ಎಂದು ನಾನೇ ಸಲಹೆ ಕೊಟ್ಟೆ. ಕಾರ್ಡಿನ ನಂಬರ್ ಕೊಡುವುದೆಂದರೆ ಆಗ ಜನ ಹೆದರುತ್ತಿದ್ದರು. ಯಾರ ಮಾತಿಗೆ ಹೆದರದೆ ಕೊಟ್ಟಾರು? ದಿದಿಮಣಿಯ ಮಾತಿಗೆ. ಅವರು ಪಾಠ ಮುಗಿದ ಮೇಲೆ ಒಬ್ಬೊಬ್ಬ ತಾಯಿಯನ್ನೂ ಕಂಪ್ಯೂಟರಿಗೆ ಕರೆಸಿ, ನನ್ನ ಮೇಲೆ ನಂಬಿಕೆಯಿಡಿ, ಇಲ್ಲಿ ಓದಿದ ಹುಡುಗಿಯೊಬ್ಬಳಿದ್ದಾಳೆ, ಎಲ್ಲವನ್ನೂ ಅವಳು ನೋಡಿದ್ದಾಳೆ ಎಂದು ಹೇಳಿದರು. ಹನ್ನೊಂದಕ್ಕೆ ಹನ್ನೊಂದೂ ಮನೆಯವರು ಕೊಟ್ಟರು.

ಜುಲೈ ಮೊದಲ ತಾರೀಖು ಕಂಪ್ಯೂಟರಿನಲ್ಲಿ, ಹಣ ಬಂತು ಎನ್ನುವ ಹನ್ನೊಂದು ಹಸಿರು ಗುರುತು ಬಿದ್ದವು. ಯಾರಿಗೂ ನೆನಪಿಸಲಿಲ್ಲ, ಯಾರೂ ನಾಚಿಕೊಳ್ಳಲಿಲ್ಲ. ಯಜಮಾನರು ಸಿಹಿ ತರಿಸಿದರು. ಮನೆಯಲ್ಲಿ ಅವ್ವನಿಗೆ ಹೇಳಿದರೆ ಅವಳಿಗೆ ನಂಬಿಕೆಯಾಗಲಿಲ್ಲ.

"ಕೇಳ್ದೆನೇ ಅವ್ರಾಗೇ ಕೊಡ್ತಾರಾ? ಅದೆಂಥ ಜನವೋ ತಾಯಿ."

ಆಗಸ್ಟಿನ ಹಣವೂ ಬಂತು. ಅದಾಗಿ ಎರಡು ವಾರಕ್ಕೆ, ಬೆಳಿಗ್ಗೆ ನಾನು ಇಮೇಲ್ ತೆರೆದರೆ ಮಧ್ಯವರ್ತಿಯಿಂದ ಐದು ಪತ್ರ. ಐದು ಮನೆಯವರು ತಮ್ಮ ಕಾರ್ಡಿನ ಬ್ಯಾಂಕಿಗೆ ಫೋನ್ ಮಾಡಿ, ಕಲ್ಕತ್ತೆಯ ಯಾವನೋ ಗೋಣಿಚೀಲದ ವ್ಯಾಪಾರಿ ನಮ್ಮ ಕಾರ್ಡಿನಿಂದ ಹಣ ಕದಿಯುತ್ತಿದ್ದಾನೆ, ಅದೂ ಎರಡು ತಿಂಗಳಿಂದ ಎಂದು ದೂರು ಕೊಟ್ಟಿದ್ದರು. ಗಂಡ ಹೆಂಡತಿಯನ್ನು ಕೇಳಿದ್ದಾನೆ, ನೀನು ಗೋಣಿಚೀಲ ತರಿಸಿದೆಯಾ ಎಂದು. ಅವಳು ಇಲ್ಲ ಎಂದಿದ್ದಾಳೆ. ಅವಳಾದರೂ ಇನ್ನೇನು ಹೇಳಬೇಕು? ಇಂಥ ದೂರು ಹೋದರೆ ಬ್ಯಾಂಕು ಮಾತಿಲ್ಲದೆ ಆ ಹಣವನ್ನು ನಮ್ಮಿಂದ ವಾಪಸ್ಸು ಕಿತ್ತುಕೊಳ್ಳುತ್ತದೆ, ಪ್ರತಿಯೊಂದಕ್ಕೂ ದಂಡ ಹಾಕುತ್ತದೆ, ಆ ಕಾರ್ಡನ್ನೇ ರದ್ದು ಮಾಡುತ್ತದೆ. ಹನ್ನೊಂದರಲ್ಲಿ ಐದು ದೂರು ಎಂದರೆ ಮಧ್ಯವರ್ತಿಯ ಕಣ್ಣಿಗೆ ನಾವು ಕಳ್ಳರೇ. ಸಂಜೆಯೊಳಗೆ ನಮ್ಮ ಖಾತೆಯನ್ನು ತಡೆಹಿಡಿದರು.

ಫೋನ್ ಮಾಡಿದೆ. ಬೇರೆ ಹೆಸರಿನ ಬೇರೆ ಹುಡುಗ, ಅದೇ ಮೂಗು. ಹೆಸರೊಂದನ್ನು ಬದಲಾಯಿಸಿ ಸಾಕು, ನಾವು ಕಳ್ಳರಲ್ಲ, ಇದು ಮಕ್ಕಳಿಗೆ ಅಕ್ಷರ ಕಲಿಸುವ ತರಗತಿ ಎಂದೆ. ಪರಿಶೀಲನೆಯಲ್ಲಿದೆ ಮ್ಯಾಮ್ ಎಂದ. ಎಷ್ಟು ದಿನ? ಪರಿಶೀಲನೆಯಲ್ಲಿದೆ ಮ್ಯಾಮ್. ನಿನಗಿಂತ ಮೇಲಿನವರು ಯಾರಿದ್ದಾರೆ? ಅದೂ ಪರಿಶೀಲನೆಯಲ್ಲೇ ಇತ್ತು. ಒಂದು ವಾರ ದಿನಕ್ಕೆರಡು ಸಲ ಮಾಡಿದೆ. ನಡೆದೇ ಹೋದರೂ ಹತ್ತು ನಿಮಿಷದಲ್ಲಿ ಅವನ ಕುರ್ಚಿಯ ಮುಂದೆ ನಿಲ್ಲಬಹುದಿತ್ತು. ನಿಂತರೂ ಅವನ ಕೈಯಲ್ಲಿ ಏನಿತ್ತು? ಅವನ ಸ್ಕ್ರೀನಿನಲ್ಲೂ ಅದೊಂದೇ ಸಾಲು ಇದ್ದದ್ದು.

ಯಜಮಾನರು ಆ ಐದು ಪತ್ರಗಳ ಪ್ರಿಂಟನ್ನು ಮೇಜಿನ ಮೇಲೆ ಇಟ್ಟು ನನ್ನನ್ನೇ ನೋಡುತ್ತಾ ಕೂತರು. ಓದಿದವಳಿಗೆ ಇಷ್ಟು ತಿಳಿಯಬೇಡವಾ ಎಂದು ಅವರು ಬಾಯಿಬಿಟ್ಟು ಹೇಳುವುದನ್ನೇ ಕಾಯುತ್ತಿದ್ದೆ. ಹೇಳಿದರು. ನನಗೂ ಸಿಟ್ಟು ಬಂತು. ಒಂದು ಹೊಸ ಖಾತೆ ತೆರೆಯಲು ಸೋಮಾರಿತನ ಮಾಡಿದವರು ಯಾರು ಎಂದು ಕೇಳಿಬಿಟ್ಟೆ.

ಪಾಠ ಮುಗಿಸಿದ ದಿದಿಮಣಿ ಹಜಾರದಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆ ಫಾರಮ್ಮನ್ನು ತೋರಿಸು ಎಂದರು. ಕನ್ನಡಕ ಹಾಕಿಕೊಂಡು ಆ ಖಾನೆಯನ್ನು ಮೆಲ್ಲಗೆ ಓದಿದರು, ಮಕ್ಕಳ ಕಾಪಿ ಪುಸ್ತಕ ತಿದ್ದುವಂತೆ.

"ಮಾ, ನಮ್ಮಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು, ಗೊತ್ತಲ್ಲ? ಶಾಲೆಗೆ, ಸರ್ಕಾರಕ್ಕೆ ಭಾಲೋನಾಮ್. ಮನೆಯವರು ಕರೆಯುವುದಕ್ಕೆ ಡಾಕ್‌ನಾಮ್. ಕತ್ತಲಲ್ಲಿ ಬಾಗಿಲು ತಟ್ಟಿ ಭಾಲೋನಾಮ್ ಹೇಳಿದರೆ ಸ್ವಂತ ತಂಗಿಯೂ ಬಾಗಿಲು ತೆಗೆಯುವುದಿಲ್ಲ. ಇವರು ಕೇಳಿದ್ದು ನಿನ್ನ ಡಾಕ್‌ನಾಮ್."

ಗೊತ್ತಿತ್ತು. ಹುಟ್ಟಿದಂದಿನಿಂದ ಆ ಊರಿನಲ್ಲಿ ಬೆಳೆದವಳು ನಾನು, ನನ್ನ ಗೆಳತಿಯರಿಗೆಲ್ಲ ಎರಡೆರಡು ಹೆಸರು. ಅವರ ಡಾಕ್‌ನಾಮನ್ನು ಪರೀಕ್ಷೆಯ ಫಾರಮ್ಮಿನಲ್ಲಿ ಬರೆಯಬಾರದು ಎಂದಷ್ಟೇ ನಾನು ಕಲಿತಿದ್ದೆ. ಅದನ್ನೇ ಕೇಳುವ ಫಾರಮ್ಮೊಂದು ಇರಬಹುದು ಎಂದು ನನಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ನಿಮ್ಮ ತಂಡದ ಮಕ್ಕಳೇ ಬಿಟ್ಟುಹೋಗುತ್ತಾರಲ್ಲ ದಿದಿಮಣಿ ಎಂದೆ. ಅವರು ಮಂಡಕ್ಕಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು.

ಆ ಸಂಜೆ ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತೇನೋ. ಅಪ್ಪ ಟವಲಿನ ಅಂಚನ್ನು ಮಡಚತೊಡಗಿದರು.

"ನಾನೇ ಅಲ್ವಾ ನಿಂಗೆ ಅಂಗೆ ಹೇಳ್ಕೊಟ್ಟದ್ದು," ಎಂದರು.

"ನೀವೇನ್ ಮಾಡ್ತೀರಪ್ಪ. ಫಾರಂ ಬರ್ದವಳು ನಾನು," ಎಂದೆ. ಆದರೆ ಅಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವ್ವ ಆಮೇಲೆ ಹೇಳಿದಳು. ಯಾವುದೋ ದೇಶದ ಯಾವನೋ ಗೆರೆ ಎಳೆದಿಟ್ಟ ಇಪ್ಪತ್ತೆರಡು ಅಕ್ಷರದ ಖಾನೆ ನಮ್ಮಪ್ಪನ ಅನ್ನದ ತಟ್ಟೆಯವರೆಗೆ ಬಂದಿತ್ತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಹನ್ನೊಂದೂ ಮನೆಗೆ ಪತ್ರ ಬರೆಯಬೇಕಾಯಿತು. ಕಂಪ್ಯೂಟರಿನ ತಪ್ಪಿನಿಂದ ಹೀಗಾಯಿತು ಎಂದು ಬರೆ ಎಂದರು ಯಜಮಾನರು. ನಾನು ಹಾಗೆ ಬರೆಯಲಿಲ್ಲ. ಹೆಸರು ತುಂಬಿದವಳು ನಾನು, ತಪ್ಪು ನನ್ನದು, ದಿದಿಮಣಿಯವರದು ಇದರಲ್ಲಿ ಏನೂ ಇಲ್ಲ ಎಂದು ಬರೆದೆ. ನಾಲ್ಕು ಮನೆಯವರು ಪರವಾಗಿಲ್ಲ ಎಂದರು. ಏಳು ಮನೆಯವರು ಬಿಟ್ಟುಹೋದರು. ಅವರಲ್ಲಿ ಒಬ್ಬ ತಾಯಿ, ದಿದಿಮಣಿ ಹೇಳಿದರು ಎಂದು ನಂಬರ್ ಕೊಟ್ಟೆವು, ಇನ್ನು ಅವರ ದನಿ ಕೇಳಿದರೆ ಆ ಬ್ಯಾಂಕಿನ ಫೋನೇ ನೆನಪಾಗುತ್ತದೆ ಎಂದು ಬರೆದಿದ್ದಳು. ಆ ಪತ್ರವನ್ನು ನಾನು ದಿದಿಮಣಿಗೆ ತೋರಿಸಲಿಲ್ಲ.

ಪೂಜೆಗೆ ಐದು ವಾರ ಉಳಿದಿತ್ತು. ನೋಟ್‌ಬುಕ್ಕಿನಲ್ಲಿ ಹೊಸ ಖಾನೆಯೊಂದನ್ನು ಎಳೆದು ಮತ್ತೆ ಹುಡುಕಿದೆ. ಇನ್ನೊಬ್ಬ ಮಧ್ಯವರ್ತಿ ಸಿಕ್ಕಿದ; ಇವನ ಪಾಲು ಇನ್ನೂ ದೊಡ್ಡದು. ಈ ಸಲ ಮೊದಲು ಆ ಖಾನೆಯನ್ನೇ ಹುಡುಕಿ, ತರಗತಿಯ ಚೆಂದದ ಹೆಸರನ್ನು ಬರೆದೆ. ಹಣ ನಿಲ್ಲಲಿಲ್ಲ. ಖಾತೆಯ ಹೆಸರಿಗೂ ಇದಕ್ಕೂ ತಾಳೆ ಇಲ್ಲವೆಂದು ಯಾರೂ ಕೇಳಲಿಲ್ಲ. ನಾನು ಹೆದರಿದ್ದ ಆ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ. ಉಳಿದ ಆರು ದಿದಿಮಣಿಯರ ಮಕ್ಕಳ ಮನೆಯವರು ಒಬ್ಬೊಬ್ಬರಾಗಿ ಸೇರಿದರು. ಅಕ್ಟೋಬರಿನ ಮೊದಲ ತಾರೀಖು ಮೂವತ್ತನಾಲ್ಕು ಹಸಿರು ಗುರುತು. ಯಜಮಾನರು ಪೂಜೆಯ ರಜೆಗೆ ಬಾಗಿಲು ಹಾಕುವಾಗ, ರಜೆ ಮುಗಿದ ಮೇಲೆ ತೆರೆಯುತ್ತದೆ ಎಂದು ನಗುತ್ತಾ ಹೇಳಿದರು. ತರಗತಿ ಉಳಿಯಿತು.

ದಿದಿಮಣಿಗೆ ಉಳಿದದ್ದು ನಾಲ್ಕು ಮಕ್ಕಳು. ನಾಲ್ಕು ಮಕ್ಕಳಿಗಾಗಿ ಲೇಕ್ ಗಾರ್ಡನ್ಸಿಗೆ ಬೆಳಗಿನ ಜಾವ ಗಾಡಿ ಕಳಿಸಲು ಆಗುವುದಿಲ್ಲ ಎಂದು ಯಜಮಾನರು ಲೆಕ್ಕ ತೋರಿಸಿದರು. ಆ ನಾಲ್ಕನ್ನು ಇನ್ನೊಬ್ಬರ ತಂಡಕ್ಕೆ ಸೇರಿಸಿದರು. ನಾನು ವಾದಿಸಿದೆ. ದಿದಿಮಣಿ ಕೊಟ್ಟ ಧೈರ್ಯದಿಂದಲೇ ಇದೆಲ್ಲ ಶುರುವಾದದ್ದು, ಹೊಸ ಮಕ್ಕಳು ಬಂದರೆ ಮೊದಲು ಅವರಿಗೇ ಕೊಡಿ ಎಂದೆ. ನೋಡೋಣ ಎಂದರು. ಅವರ ನೋಡೋಣ ಎಂಬುದೂ ಪರಿಶೀಲನೆಯಲ್ಲಿದೆ ಎಂಬುದೂ ಒಂದೇ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಕೊನೆಯ ದಿನ ದಿದಿಮಣಿ ತಮ್ಮ ಹೆಡ್‌ಫೋನನ್ನು ಸೀರೆಯ ಸೆರಗಿನಿಂದ ಒರೆಸಿ ನನ್ನ ಮೇಜಿನ ಮೇಲಿಟ್ಟು ಹೋದರು.

ಮೊದಲ ಮಧ್ಯವರ್ತಿ ಹಿಡಿದಿಟ್ಟುಕೊಂಡಿದ್ದ ಹತ್ತನೇ ಒಂದು ಭಾಗ, ದಂಡ ಕಳೆದು, ಆರು ತಿಂಗಳು ತುಂಬಿದ ಮೇಲೆ ಬಂತು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಬಂತು. ಜೊತೆಗೆ, ನಮ್ಮನ್ನು ಆರಿಸಿದ್ದಕ್ಕೆ ಧನ್ಯವಾದ ಎಂದು ಒಂದು ಪತ್ರ. ಆ ಹಣದಲ್ಲಿ ದಿದಿಮಣಿಯ ಪಾಲು ಸಣ್ಣದು, ಆದರೆ ಅವರದ್ದೇ. ಯಜಮಾನರಿಂದ ವೋಚರ್ ಮಾಡಿಸಿಕೊಂಡು ಒಂದು ಭಾನುವಾರ ಲೇಕ್ ಗಾರ್ಡನ್ಸಿಗೆ ಹೋದೆ. ಸ್ಟೇಷನ್ನಿನ ಪಕ್ಕದ ಓಣಿ, ರೈಲು ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುವ ಮನೆ. ಪಿಂಚಣಿ ಫೈಲು ಈಗ ಒಂದು ಮಹಡಿ ಹತ್ತಿದೆಯಂತೆ. ಅಕ್ಕಪಕ್ಕದ ಇಬ್ಬರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಬಾಡಿಗೆ ಹೇಗೆ ಕೊಡುತ್ತೀರಿ ಎಂದು ಕೇಳುವ ಬಾಯಿ ನನಗಿರಲಿಲ್ಲ.

ಚಹಾ ಕೊಟ್ಟರು. ಲಕೋಟೆ ತೆಗೆದುಕೊಂಡು, ಎಣಿಸದೆ ದಿಂಬಿನ ಕೆಳಗಿಟ್ಟರು. ವೋಚರನ್ನು ಮುಂದೆ ಹಿಡಿದೆ. ಅವರು ಪೆನ್ನಿನ ಮುಚ್ಚಳ ತೆಗೆದರು.

"ಯಾವ ಹೆಸರು ಬರೆಯಲಿ ಮಾ?"

ಕೀಟಲೆಗೆ ಕೇಳಿದರೋ, ನಿಜಕ್ಕೂ ಕೇಳಿದರೋ ಮುಖ ನೋಡಿದರೆ ಗೊತ್ತಾಗಲಿಲ್ಲ. ನನ್ನ ಬಾಯಿಂದ ಮಾತು ಆಗಲೇ ಹೊರಬಿದ್ದಿತ್ತು.

"ಕಾಗದದಲ್ಲಿ ಇರುವ ಹಾಗೆ ಬರೆಯಿರಿ ದಿದಿಮಣಿ."

ಅವರು ತಮ್ಮ ಭಾಲೋನಾಮನ್ನು ದುಂಡಾಗಿ, ಒಂದು ಅಕ್ಷರಕ್ಕೆ ಇನ್ನೊಂದು ತಾಗದಂತೆ ಬರೆದರು. ಬ್ಯಾಗಿನಲ್ಲಿದ್ದ ಸಂಬಳದ ಪಟ್ಟಿಯನ್ನು ಹೊರತೆಗೆದು, ಅವರು ನೋಡುತ್ತಿರುವಾಗಲೇ, ತಾಳೆ ನೋಡಿದೆ. ಸರಿಯಾಗಿತ್ತು.